ಆಕ್ಷೇಪಣೆ ಇದ್ದವರು ಕೈ ಎತ್ತಿ

ಕಡಲಲ್ಲಿ ಗಾಳಿಯಂತ್ರ ನಿಲ್ಲಿಸುವ ನಿಯಮಗಳ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಕೇಳುತ್ತಾರಂತೆ. ತಾರೀಕು, ಆಗಸ್ಟ್ ಮೊದಲ ವಾರ.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನುಗಾರಿಕೆ ಬಂದ್. ಅಷ್ಟೂ ದಿನ ಮುಂಬೈಯ ಸಸೂನ್ ಡಾಕ್ ಬಂದರಿನ ತಾಂಡೇಲರು, ಅಂದರೆ ಮೀನುಬೋಟು ನಡೆಸುವವರು, ಬಲೆ ಹೆಣೆಯುತ್ತಾ, ಚಾ ಕುಡಿಯುತ್ತಾ ಸುಮ್ನೆ ಕೂತಿದ್ದರು. ಆಗ ಯಾರಿಗೂ ಅವರ ಅಭಿಪ್ರಾಯ ಬೇಕಾಗಲಿಲ್ಲ. ಐಸು, ಡೀಸೆಲ್ ತುಂಬಿಕೊಂಡು ಬೋಟುಗಳು ಹೊರಟವು ನೋಡಿ, ನೋಟಿಸು ಬಂತು.

ಹಾಗಾಗಿ ಸಾರ್ವಜನಿಕರು ಅಂತ ಹೋದದ್ದು ನಾವಿಬ್ಬರು. ನಾನು, ಮತ್ತೆ ಮಂಡಿನೋವಿನಿಂದ ದಡ ಸೇರಿದ ನಮ್ಮ ಕುಂದಾಪುರದ ತಾಂಡೇಲ ಮಾವ. ಫ್ಯಾನುಗಳು ಗುಜರಾತ್ ಮತ್ತು ತಮಿಳುನಾಡಿನ ಕಡಲಿಗೆ, ಸಭೆ ಮಾತ್ರ ಮುಂಬೈಯ ದೊಡ್ಡ ಹೋಟೆಲಿನಲ್ಲಿ. ಕಿಟಕಿಯಾಚೆಯೇ ಕಡಲು. ಪ್ರೊಜೆಕ್ಟರಿನಲ್ಲಿ ಕಡಲು ಸರಿಯಾಗಿ ಕಾಣುವುದಿಲ್ಲವೆಂದು ಪರದೆ ಎಳೆದಿದ್ದರು.

ಎ.ಸಿ. ಭಯಂಕರ. ಮಾವ ಎದ್ದು, "ಸ್ವಲ್ಪ ಗಾಳಿ ಕಮ್ಮಿ ಮಾಡಿ ಮಾರಾಯ್ರೆ" ಎಂದರು. ಒಬ್ಬರು ಬರೆದುಕೊಂಡರು.

ಸ್ಲೈಡು ಶುರುವಾಯಿತು. 2015ರಲ್ಲಿ ನೀತಿ. 2018ರಲ್ಲಿ ಗುರಿ: 2030ರೊಳಗೆ 30 ಗಿಗಾವ್ಯಾಟ್. 2023ರಲ್ಲಿ ಕಡಲು ಗುತ್ತಿಗೆಗೆ ಕೊಡುವ ನಿಯಮ. 2024ರಲ್ಲಿ 1,000 ಮೆಗಾವ್ಯಾಟಿಗೆ 7,453 ಕೋಟಿ ರೂಪಾಯಿಯ ಯೋಜನೆ. ಇಷ್ಟಾದರೂ ನಮ್ಮ ಕಡಲಲ್ಲಿ ಕರೆಂಟು ಮಾರುವ ಫ್ಯಾನು ಒಂದೂ ತಿರುಗುತ್ತಿಲ್ಲ. ಡೆನ್ಮಾರ್ಕಿನವರು 1991ರಲ್ಲೇ 11 ಫ್ಯಾನು ನೆಟ್ಟರು. ತಿರುಗಿಸಿ, ಮುದಿಯಾದವೆಂದು 2017ರಲ್ಲಿ ಕಿತ್ತೂ ಆಯಿತು. ಅದೇ ವರ್ಷ ನಾವು ಖಂಬಾತ್ ಕೊಲ್ಲಿಯಲ್ಲಿ ಗಾಳಿ ಎಷ್ಟು ಬೀಸುತ್ತದೆಂದು ಅಳೆಯಲು ಯಂತ್ರ ಕೂರಿಸಿದೆವು. ಇಷ್ಟು ಆರಾಮಾಗಿ ಬಂದವರಿಗೆ ನಮ್ಮ ಅಭಿಪ್ರಾಯ ಮಾತ್ರ 30 ದಿನದೊಳಗೆ, ಇಂಗ್ಲಿಷಿನಲ್ಲಿ, ಪಿಡಿಎಫ್ ಮಾಡಿ ಬೇಕು. ಮಾವನಿಗೆ ಕನ್ನಡ, ಮರಾಠಿ, ಹಿಂದಿ ಮೂರೂ ಬರುತ್ತೆ. ಕರಡು ನಾಲ್ಕನೆಯದರಲ್ಲಿತ್ತು.

ಫಾರ್ಮಿನಲ್ಲಿ ಅಕ್ಷಾಂಶ, ರೇಖಾಂಶ ಕೇಳಿದ್ದರು. "ಹದಿನೆಂಟು ಮಾರು ನೀರು, ಅಡಿಯಲ್ಲಿ ಕೆಸರು, ಅಲ್ಲಿ ಸಿಗಡಿ. ಹಾಗಂತ ಬರಿ" ಎಂದರು ಮಾವ. ಕೆಸರಿಗೆ ಕಾಲಂ ಇರಲಿಲ್ಲ.

ಕಡಲಲ್ಲಿ ಕಟ್ಟಿದ್ದರ ಸುತ್ತ 500 ಮೀಟರಿನವರೆಗೆ ಬೇರೆಯವರು ಬರಬಾರದೆಂದು ಗೆರೆ ಹಾಕಲು ಅಂತಾರಾಷ್ಟ್ರೀಯ ಕಾನೂನಿನಲ್ಲಿ ಅವಕಾಶವಿದೆ. ಅದನ್ನು ಕೇಳಿದ್ದೇ ಮಾವ ಮಂಡಿನೋವು ಮರೆತು ಎದ್ದರು.

"ಸಾಹೇಬ್ರೇ, ಫ್ಯಾನು ನಿಲ್ಲಿಸಿ, ಗಾಳಿ ಯಾರಪ್ಪಂದೂ ಅಲ್ಲ. ಆದ್ರೆ ಆ ನೀರಲ್ಲಿ ನಾನೂ ಬಲೆ ಎಳ್ದವ. ಬಲೆ ಬಿಟ್ಟ ಬೋಟು ರಿಕ್ಷಾ ಅಲ್ಲ, ತಟ್ಟನೆ ತಿರ್ಗುದಿಲ್ಲ. ನಮಗೆ ದಾರಿ ಎಲ್ಲಿ ಬಿಡ್ತೀರಿ?"

ನಾನು ಹಿಂದಿಯಲ್ಲಿ ಹೇಳಿದೆ. ಸಾಹೇಬರು ನಕ್ಕರು. "ಇದು ಪಾಲಿಸಿ ಲೆವೆಲ್ ಸಭೆ. ತಿರುಗುವ ವಿಷಯ ಆಮೇಲೆ."

"ಫ್ಯಾನೂ ತಿರ್ಗುದೇ ಅಲ್ವಾ?" ಎಂದರು ಮಾವ. ಅಷ್ಟರಲ್ಲಿ ಊಟದ ಸಮಯವಾಯಿತು. ಪಾಂಫ್ರೆಟ್ ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಮೊನ್ನೆ ನಡಾವಳಿ ಬಂತು. "ಆಹ್ವಾನವಿದ್ದರೂ ಮೀನುಗಾರರು ಹಾಜರಾಗಲಿಲ್ಲ. ಆಕ್ಷೇಪಣೆ ಇಲ್ಲ. ಗಾಳಿ ಕಡಿಮೆ ಮಾಡಬೇಕೆಂದು ಸಾರ್ವಜನಿಕರಿಂದ ಒಂದು ಸಲಹೆ ಬಂದಿದ್ದು, ತಜ್ಞರ ಸಮಿತಿಗೆ ಕಳುಹಿಸಲಾಗಿದೆ."