ಬೀಗದ ಕೈ ಕೊಟ್ಟ ನಂತರದ ತಿಂಗಳುಗಳು

ಮನೆಯಿಲ್ಲದೆ ಬದುಕಿದ ಯುವಕನಿಗೋ ಯುವತಿಗೋ ಬಾಡಿಗೆಯ ಕೋಣೆಯೊಂದು ಸಿಕ್ಕಿತೆಂದರೆ, ನೆರವಿಗೆ ನಿಂತ ಸಂಸ್ಥೆಗಳ ಕಡತದಲ್ಲಿ ಸಾಮಾನ್ಯವಾಗಿ ಆ ಪ್ರಕರಣ ಮುಗಿದಂತೆ ಲೆಕ್ಕ. ನಿಜವಾದ ಕೆಲಸ ಶುರುವಾಗುವುದೇ ಅಲ್ಲಿಂದ ಎಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಹಣ, ಸಿಬ್ಬಂದಿ, ಗಮನ ಎಲ್ಲವೂ ಹಿಂದೆ ಸರಿಯುವುದು ಕೂಡ ಹೆಚ್ಚಾಗಿ ಅದೇ ಹೊತ್ತಿಗೆ.

ಈ ಯುವಜನರಲ್ಲಿ ಬಹಳ ಮಂದಿ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಬೀದಿಬದಿಯಲ್ಲಿ ಮಲಗಿದವರನ್ನು ನಾವು ಕಾಣುತ್ತೇವೆ. ಇಂದು ಒಬ್ಬ ಗೆಳೆಯನ ಮನೆಯಲ್ಲಿ, ನಾಳೆ ಪರಿಚಿತರ ಕೋಣೆಯ ಮೂಲೆಯಲ್ಲಿ ರಾತ್ರಿ ಕಳೆಯುತ್ತಾ ಎಲ್ಲಿಯೂ ಬೇರೂರದವರನ್ನು ಕಾಣುವುದಿಲ್ಲ. ಷಿಕಾಗೋ ವಿಶ್ವವಿದ್ಯಾಲಯದ ಚೇಪಿನ್ ಹಾಲ್ ಸಂಶೋಧನಾ ಕೇಂದ್ರ 2017ರಲ್ಲಿ ಪ್ರಕಟಿಸಿದ ಅಧ್ಯಯನವು ಇಂಥವರನ್ನೂ ಎಣಿಕೆಗೆ ಸೇರಿಸಿಕೊಂಡಿತು. ಅಮೆರಿಕದಲ್ಲಿ 18ರಿಂದ 25 ವರ್ಷದೊಳಗಿನ ಪ್ರತಿ ಹತ್ತು ಮಂದಿಯಲ್ಲಿ ಒಬ್ಬರು ಒಂದು ವರ್ಷದ ಅವಧಿಯಲ್ಲಿ ಯಾವುದಾದರೊಂದು ರೂಪದಲ್ಲಿ ನೆಲೆ ಕಳೆದುಕೊಂಡಿದ್ದರು ಎಂಬುದು ಅದರ ಅಂದಾಜು. ಮನೆಯೊಳಗಿನ ಹಿಂಸೆ, ಬಡತನ, ತಮ್ಮ ಲಿಂಗತ್ವವನ್ನೋ ಲೈಂಗಿಕತೆಯನ್ನೋ ಒಪ್ಪದ ಕುಟುಂಬ, ಸರಕಾರಿ ಪಾಲನೆಯಿಂದ ಹೊರಬಿದ್ದ ದಿನ ಹೀಗೆ ಕಾರಣಗಳು ಬೇರೆ ಬೇರೆ. ಬೆನ್ನ ಹಿಂದೆ ನಿಲ್ಲಬೇಕಾದ ಮನೆ ಇಲ್ಲದಿರುವುದು ಮಾತ್ರ ಎಲ್ಲರಿಗೂ ಸಮಾನ.

ಸರಕಾರಿ ಪಾಲನೆಯ ವಿಷಯದಲ್ಲಿ ಕಾನೂನುಗಳು ಹಾಕಿಕೊಂಡ ಗೆರೆಗಳನ್ನು ನೋಡಿ. ಭಾರತದ 2015ರ ಬಾಲನ್ಯಾಯ ಕಾಯ್ದೆಯು ಪಾಲನಾ ಸಂಸ್ಥೆಗಳಿಂದ ಹೊರಬಂದವರಿಗೆ ನಂತರದ ಆರೈಕೆಯನ್ನು 18ರಿಂದ 21 ವರ್ಷದವರೆಗಿನ ನೆರವು ಎಂದು ವಿವರಿಸುತ್ತದೆ. ಅಮೆರಿಕವು 2008ರ ಕಾನೂನಿನ ಮೂಲಕ, 21ರವರೆಗೆ ಪಾಲನೆಯನ್ನು ಮುಂದುವರಿಸಲು ಬಯಸುವ ರಾಜ್ಯಗಳಿಗೆ ಕೇಂದ್ರದ ಅನುದಾನ ಸಿಗುವಂತೆ ಮಾಡಿತು. ಸ್ಕಾಟ್ಲೆಂಡಿನ 2014ರ ಕಾಯ್ದೆ ನೆರವು ಕೇಳುವ ಅವಕಾಶವನ್ನು 26ರ ಹತ್ತಿರಕ್ಕೆ ಒಯ್ದಿತು. ಈ ಮೂರರಲ್ಲಿ ಬದುಕಿಗೆ ಹತ್ತಿರವಿರುವುದು ಸ್ಕಾಟ್ಲೆಂಡಿನ ದಾರಿ ಎಂದು ನನಗನ್ನಿಸುತ್ತದೆ. ಹೆತ್ತವರಿರುವ ಮಕ್ಕಳು ಒಂದು ಹುಟ್ಟುಹಬ್ಬದ ಮರುದಿನವೇ ಸ್ವಾವಲಂಬಿಗಳಾಗುವುದಿಲ್ಲ. ಅವರು ಕೆಲಸ ಹಿಡಿದು ಊರು ಬಿಡುತ್ತಾರೆ, ಕೆಲಸ ಹೋದಾಗ ವಾಪಸಾಗುತ್ತಾರೆ, ಸುಧಾರಿಸಿಕೊಂಡು ಮತ್ತೆ ಹೊರಡುತ್ತಾರೆ, ಮತ್ತು ಅದನ್ನು ಯಾರೂ ವೈಫಲ್ಯವೆಂದು ಕಡತದಲ್ಲಿ ಬರೆದಿಡುವುದಿಲ್ಲ.

ಇನ್ನು ಕೋಣೆ ಸಿಕ್ಕಿದ ಮೊದಲ ತಿಂಗಳುಗಳ ಮಾತು. ಅಲ್ಲಿಗೆ ತಲುಪುವುದೇ ಒಂದು ಹೋರಾಟ: ವಿಳಾಸವಿಲ್ಲದೆ ಗುರುತಿನ ಚೀಟಿ ಸಿಗುವುದು ಕಷ್ಟ, ಅದಿಲ್ಲದೆ ಬ್ಯಾಂಕ್ ಖಾತೆ ತೆರೆಯಲಾಗದು, ಖಾತೆಯಿಲ್ಲದವರಿಗೆ ಸಂಬಳದ ಕೆಲಸ ಸಿಗುವುದಿಲ್ಲ, ಸಂಬಳದ ದಾಖಲೆ ನೋಡದೆ ಮನೆ ಕೊಡುವವರು ವಿರಳ. ಇದೆಲ್ಲವನ್ನೂ ದಾಟಿ ಒಳಗೆ ಕಾಲಿಟ್ಟ ಮೇಲೆ ಎದುರಾಗುವುದು ಒಂಟಿತನ. ಆಶ್ರಯಧಾಮದಲ್ಲಿ ಗಲಾಟೆಯಿತ್ತು, ಭಯವಿತ್ತು, ಆದರೆ ಜನರಿದ್ದರು. ಇಲ್ಲಿ ಬಾಗಿಲು ಹಾಕಿಕೊಂಡರೆ ಮಾತನಾಡಿಸುವವರಿಲ್ಲ. ವರ್ಷಗಟ್ಟಲೆ ಅರೆಎಚ್ಚರದಲ್ಲಿ ಮಲಗಿದ ದೇಹಕ್ಕೆ ನಿಶ್ಶಬ್ದವಾದ ಕೋಣೆಯಲ್ಲಿ ನಿದ್ದೆ ಹತ್ತುವುದು ತಡ, ಮತ್ತು ಅಲ್ಲಿಯವರೆಗೆ ಬದುಕುಳಿಯುವ ಅವಸರದಲ್ಲಿ ಅದುಮಿಟ್ಟ ನೆನಪುಗಳು ಎದ್ದು ಬರುವುದು ಆಗಲೇ. ಸುರಕ್ಷಿತವಾದ ಜಾಗ ಸಿಕ್ಕ ಮೇಲೂ ಇವರೇಕೆ ಕುಗ್ಗಿಹೋಗುತ್ತಾರೆ ಎಂದು ಅಚ್ಚರಿಪಡುವವರು ಇದನ್ನು ದಯವಿಟ್ಟು ಗಮನಿಸಬೇಕು.

ಹಳೆಯ ಗೆಳೆಯರ ಪ್ರಶ್ನೆ ಇನ್ನೂ ಕಠಿಣವಾದದ್ದು. ಬೀದಿಯಲ್ಲಿದ್ದಾಗ ಊಟ ಹಂಚಿಕೊಂಡವರು, ರಾತ್ರಿ ಕಾವಲಿದ್ದವರು ಈಗ ಬಂದು ಕೆಲವು ದಿನ ಉಳಿದುಕೊಳ್ಳಬಹುದೇ ಎಂದು ಕೇಳುತ್ತಾರೆ. ಇಲ್ಲವೆಂದರೆ ತನ್ನನ್ನು ಬದುಕಿಸಿದವರಿಗೆ ದ್ರೋಹ ಮಾಡಿದಂತಾಗುತ್ತದೆ; ಹೂಂ ಎಂದರೆ ಕರಾರು ಮುರಿದಂತಾಗಿ ಇದ್ದ ಕೋಣೆಯೂ ಕೈತಪ್ಪುತ್ತದೆ. ಹತ್ತೊಂಬತ್ತರ ಹರೆಯದಲ್ಲಿ ಈ ನಿರ್ಧಾರವನ್ನು ಒಬ್ಬರೇ ಮಾಡಬೇಕಾಗಿ ಬರುವುದನ್ನು ನಾವು ‘ನಿಯಮ ಉಲ್ಲಂಘನೆ’ ಎಂಬ ಎರಡು ಪದಗಳಲ್ಲಿ ಮುಗಿಸಿಬಿಡುವುದು ನನಗೆ ಬಹಳ ನೋವುಂಟುಮಾಡುತ್ತದೆ.

ಮನೆಯನ್ನು ಒಳ್ಳೆಯ ನಡತೆಗೆ ಬಹುಮಾನವಾಗಿ ಕೊಡಬಾರದು, ಮೊದಲು ಮನೆ ಕೊಟ್ಟು ಉಳಿದದ್ದನ್ನು ನಂತರ ನೋಡಬೇಕು ಎಂಬ ‘ಹೌಸಿಂಗ್ ಫಸ್ಟ್’ ಪದ್ಧತಿಯನ್ನು ಮನಶ್ಶಾಸ್ತ್ರಜ್ಞ ಸ್ಯಾಮ್ ಸೆಂಬೆರಿಸ್ 1992ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭಿಸಿದರು. ಕೆನಡಾ 2009ರಿಂದ 2013ರವರೆಗೆ ಐದು ನಗರಗಳಲ್ಲಿ, ಮಾನಸಿಕ ಅಸ್ವಾಸ್ಥ್ಯವಿದ್ದ 2,000ಕ್ಕೂ ಹೆಚ್ಚು ಮನೆಯಿಲ್ಲದವರೊಂದಿಗೆ ಇದನ್ನು ಪರೀಕ್ಷಿಸಿತು. ಅಧ್ಯಯನದ ಕೊನೆಯ ಆರು ತಿಂಗಳಲ್ಲಿ ಈ ಪದ್ಧತಿಯ ನೆರವು ಪಡೆದವರಲ್ಲಿ ಶೇ. 62 ಮಂದಿ ಪೂರ್ತಿ ಅವಧಿ ಮನೆಯಲ್ಲಿ ಉಳಿದಿದ್ದರೆ, ಎಂದಿನ ಸೇವೆಗಳನ್ನಷ್ಟೇ ಪಡೆದವರಲ್ಲಿ ಆ ಪ್ರಮಾಣ ಶೇ. 31. ಷರತ್ತಿಲ್ಲದೆ ಕೊಟ್ಟರೆ ಉಳಿಸಿಕೊಳ್ಳಲಾರರು ಎಂಬ ವಾದಕ್ಕೆ ಇದು ಸಾಕಷ್ಟು ಗಟ್ಟಿಯಾದ ಉತ್ತರ. ಆದರೆ ಮಾನಸಿಕ ಆರೋಗ್ಯದಲ್ಲಿ, ಮಾದಕ ವಸ್ತುಗಳ ಬಳಕೆಯಲ್ಲಿ ಎರಡೂ ಗುಂಪುಗಳ ಸುಧಾರಣೆ ಹೆಚ್ಚುಕಡಿಮೆ ಒಂದೇ ಮಟ್ಟದ್ದಾಗಿತ್ತು ಎಂಬುದನ್ನೂ ಹೇಳಲೇಬೇಕು. ಅಂದರೆ ಮನೆ ಸಿಕ್ಕಿದರೆ ಮನೆ ಉಳಿಯುತ್ತದೆ. ಬದುಕಿನ ಉಳಿದ ಭಾಗ ತಾನಾಗಿ ನೇರವಾಗುವುದಿಲ್ಲ, ಅದಕ್ಕೆ ಬೇರೆಯೇ ದುಡಿಮೆ ಬೇಕು.

ಎರಡನೆಯ ಮಹಾಯುದ್ಧದ ನಂತರ ಫ್ರಾನ್ಸಿನಲ್ಲಿ, ಕೆಲಸಕ್ಕಾಗಿ ನಗರಕ್ಕೆ ಬಂದ ಯುವಜನರಿಗಾಗಿ ಬೆಳೆದ ‘ಫ್ವಾಯೇ’ ವಸತಿಗಳು ಮುಂದೆ ಬ್ರಿಟನ್, ಆಸ್ಟ್ರೇಲಿಯಾಗಳಿಗೂ ಹಬ್ಬಿದವು. ಅಲ್ಲಿ ವಾಸ, ಕಲಿಕೆ, ಉದ್ಯೋಗ ತರಬೇತಿ ಒಟ್ಟಿಗೇ ಸಿಗುತ್ತವೆ. ಶಾಲೆ ಅರ್ಧಕ್ಕೆ ಬಿಟ್ಟವರಿಗೆ ಇದು ದೊಡ್ಡ ಆಸರೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ತರಗತಿ ತಪ್ಪಿಸಿದರೆ ಹಾಸಿಗೆಯೂ ತಪ್ಪುತ್ತದೆ ಎಂಬ ಒಪ್ಪಂದವನ್ನು ಮಾತ್ರ ನಾನು ಒಪ್ಪಲಾರೆ. ತಲೆಯ ಮೇಲಿನ ಸೂರು ಅಲುಗಾಡುತ್ತಿರುವಾಗ ಯಾರಿಗೂ ಪಾಠ ತಲೆಗೆ ಹತ್ತುವುದಿಲ್ಲ.

ಹಣದ ಮಾತನ್ನು ಸಂಕೋಚವಿಲ್ಲದೆ ಆಡಬೇಕು. ಪಾಲನೆಯಲ್ಲಿ ಬೆಳೆದು 18 ತುಂಬಿದವರಿಗೆ ತಿಂಗಳಿಗೆ ತೆರಿಗೆಗೆ ಮುಂಚಿನ 1,600 ಪೌಂಡುಗಳನ್ನು ಎರಡು ವರ್ಷ ಕೊಡುವ ಪ್ರಯೋಗವನ್ನು ವೇಲ್ಸ್ 2022ರಲ್ಲಿ ಆರಂಭಿಸಿತು. ಕೈಗೆ ಹಣ ಕೊಟ್ಟರೆ ಹಾಳುಮಾಡುತ್ತಾರೆ ಎಂಬ ಆಕ್ಷೇಪ ಆಗಲೂ ಕೇಳಿಬಂತು. ಆಯವ್ಯಯ ನಿಭಾಯಿಸುವ ತರಬೇತಿ ಶಿಬಿರಗಳನ್ನು ನಾವು ಧಾರಾಳವಾಗಿ ನಡೆಸುತ್ತೇವೆ, ಆದರೆ ಬಾಡಿಗೆಗಿಂತ ಕಡಿಮೆ ಆದಾಯವನ್ನು ಎಷ್ಟು ಜಾಣತನದಿಂದ ನಿಭಾಯಿಸಿದರೂ ಅದು ಬಾಡಿಗೆಗೆ ಸಾಲುವುದಿಲ್ಲ. ದುಡಿಮೆ ಸ್ವಲ್ಪ ಹೆಚ್ಚಾದ ಕೂಡಲೇ ಬಾಡಿಗೆ ನೆರವನ್ನು ಒಮ್ಮೆಲೇ ನಿಲ್ಲಿಸುವ ನಿಯಮಗಳಂತೂ ದುಡಿಯಲು ಹೊರಟವರಿಗೇ ದಂಡ ಹಾಕಿದಂತೆ. ನೆರವು ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು.

ಇಷ್ಟೆಲ್ಲ ಇದ್ದರೂ, ಕಷ್ಟ ಬಂದ ರಾತ್ರಿ ಫೋನ್ ಮಾಡಬಹುದಾದ ಒಬ್ಬರು ಇರಲೇಬೇಕು. ಆಶ್ರಯಧಾಮದಿಂದ ಹೊರಬರುವವರ ಜೊತೆ ಸುಮಾರು ಒಂಬತ್ತು ತಿಂಗಳು ಒಬ್ಬರೇ ಕಾರ್ಯಕರ್ತರು ಇದ್ದು, ಮೊದಲು ಹತ್ತಿರದಿಂದ, ಆಮೇಲೆ ಸ್ವಲ್ಪ ದೂರದಿಂದ ನೋಡಿಕೊಳ್ಳುತ್ತಾ, ಸುತ್ತಲಿನ ಜನರೊಂದಿಗೆ ನಂಟು ಬೆಸೆದು ಹಿಂದೆ ಸರಿಯುವ ‘ಕ್ರಿಟಿಕಲ್ ಟೈಮ್ ಇಂಟರ್ವೆನ್ಶನ್’ ಎಂಬ ಕ್ರಮ ನ್ಯೂಯಾರ್ಕಿನಲ್ಲಿ ರೂಪುಗೊಂಡಿತು. ಯುವಜನರ ವಿಷಯದಲ್ಲಿ ಒಂಬತ್ತು ತಿಂಗಳು ಸಾಲದು ಎಂಬುದು ನನ್ನ ಅನಿಸಿಕೆ; ಆದರೆ ಒಬ್ಬರೇ ವ್ಯಕ್ತಿ ಕೊನೆಯವರೆಗೂ ಇರುವುದೇ ಅದರ ತಿರುಳು. ಈ ಕಾರ್ಯಕರ್ತರನ್ನು ವರ್ಷದ ಗುತ್ತಿಗೆಯ ಮೇಲೆ, ಅವರ ಬಾಡಿಗೆಗೇ ಸಾಲದ ಸಂಬಳಕ್ಕೆ ನೇಮಿಸಿಕೊಂಡರೆ ಅವರು ಬಿಟ್ಟುಹೋಗುತ್ತಾರೆ, ಮತ್ತು ಬಾಲ್ಯದಿಂದಲೂ ಒಬ್ಬರ ನಂತರ ಒಬ್ಬರು ಬಿಟ್ಟುಹೋಗುವುದನ್ನೇ ಕಂಡ ಮಗು ಮತ್ತೊಬ್ಬ ಅಪರಿಚಿತರ ಮುಂದೆ ತನ್ನ ಕಥೆಯನ್ನು ಮೊದಲಿನಿಂದ ಹೇಳಬೇಕಾಗುತ್ತದೆ. ಇಂಥ ಸಂಸ್ಥೆಗಳಿಗೆ ದೇಣಿಗೆ ಕೊಡುವವರು, ಅವುಗಳ ಆಡಳಿತ ಮಂಡಳಿಯಲ್ಲಿ ಕೂರುವವರು ಈ ಬರಹವನ್ನು ಓದುತ್ತಿದ್ದರೆ ಒಂದು ವಿನಂತಿ: ಈ ವರ್ಷ ಎಷ್ಟು ಮಂದಿಗೆ ಮನೆ ಕೊಡಿಸಿದಿರಿ ಎಂದು ಕೇಳುವ ಸಭೆಯಲ್ಲಿಯೇ, ಎರಡು ವರ್ಷದ ಹಿಂದೆ ಮನೆ ಸೇರಿದವರು ಈಗ ಎಲ್ಲಿದ್ದಾರೆ, ಅವರನ್ನು ಬಲ್ಲ ಕಾರ್ಯಕರ್ತರು ಇನ್ನೂ ನಿಮ್ಮಲ್ಲಿದ್ದಾರೆಯೇ ಎಂಬುದನ್ನೂ ಕೇಳಿ.