ಉಪ್ಪಿಗಿಂತ ಮೆತ್ತಗೆ ಅಂತ ಅಳೆದ ವಿಷ

ಹೋದ ತಿಂಗಳು ಅಕ್ಕನ ಮಗ ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದ. ಒಂದು ಡ್ರಮ್ಮು, ಅದರ ಮೇಲೆ ಅರ್ಧ ಕಿತ್ತುಹೋದ ಸ್ಟಿಕ್ಕರ್. ಕೆಂಪು ಗೆರೆಯ ವಜ್ರದಾಕಾರ. ಒಳಗೆ ಕಪ್ಪು ಬಣ್ಣದ ಮನುಷ್ಯನ ಚಿತ್ರ. ಅವನ ಎದೆಯಲ್ಲಿ ಬಿಳಿ ನಕ್ಷತ್ರದ ಹಾಗೆ ಏನೋ ಸಿಡಿದಿದೆ. "ಮಾವ, ಇದೇನು ಹಾರ್ಟ್ ಅಟ್ಯಾಕ್ ಚಿತ್ರಾನಾ?" ಅಂತ ಕೇಳಿದ್ದ. ಅವನು ಪೀಣ್ಯದ ಒಂದು ಸಣ್ಣ ಯೂನಿಟ್‌ಗೆ ಸೇರಿ ಎರಡು ತಿಂಗಳಾಗಿತ್ತು ಅಷ್ಟೇ.

ಫೋಟೋ ದೊಡ್ಡದು ಮಾಡಿ ನೋಡಿದೆ. ಕೆಳಗೆ ಇಂಗ್ಲಿಷ್‌ನಲ್ಲಿ ಟ್ರೈಕ್ಲೋರೋಎಥಿಲೀನ್ ಅಂತಿತ್ತು. ಹೆಸರು ಓದಿದ ಕೂಡಲೇ ನನಗೆ ಆ ವಾಸನೆ ನೆನಪಾಯಿತು. ಸಿಹಿ ವಾಸನೆ ಅದು. ನಾನೂ ಐಟಿಐ ಮುಗಿಸಿ ಪೀಣ್ಯದಲ್ಲೇ ಐದು ವರ್ಷ ಅದರ ಪಕ್ಕದಲ್ಲಿ ಕೆಲಸ ಮಾಡಿದವನು. ನಾವು ಟಿಸಿಇ ಅಂತಿದ್ವಿ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ಲೇತ್‌ನಿಂದ, ಮಿಲ್ಲಿಂಗ್‌ನಿಂದ ಬರುವ ಜಾಬ್‌ಗೆ, ಅಂದರೆ ಕಡೆದು ತಯಾರಾದ ಬಿಡಿಭಾಗಕ್ಕೆ, ಕಟಿಂಗ್ ಆಯಿಲ್ ಮೆತ್ತಿಕೊಂಡಿರುತ್ತದೆ. ಆ ಜಿಡ್ಡು ಹೋಗದೆ ಪ್ಲೇಟಿಂಗ್, ಅಂದರೆ ಮೇಲಿನ ಲೋಹದ ಲೇಪ, ಹಿಡಿಯಲ್ಲ. ಅದಕ್ಕೆ ಡಿಗ್ರೀಸಿಂಗ್ ಟ್ಯಾಂಕ್ ಇರುತ್ತದೆ. ತಳದಲ್ಲಿ ಟಿಸಿಇ ಕಾಯಿಸುತ್ತಾರೆ. ಅದು 87 ಡಿಗ್ರಿಗೇ ಕುದಿಯುತ್ತದೆ. ಆವಿ ಗಾಳಿಗಿಂತ ನಾಲ್ಕೂವರೆ ಪಟ್ಟು ಭಾರ. ಹಾಗಾಗಿ ಟ್ಯಾಂಕ್‌ನಲ್ಲಿ ನೀರು ನಿಂತ ಹಾಗೆ ನಿಲ್ಲುತ್ತದೆ. ಮೇಲಂಚಿನಲ್ಲಿ ತಣ್ಣೀರು ಹರಿಯುವ ಪೈಪ್ ಸುತ್ತಿರುತ್ತಾರೆ, ಆವಿ ಹೊರಗೆ ಬರದಿರಲಿ ಅಂತ. ಜಾಬ್ ತುಂಬಿದ ಬಾಸ್ಕೆಟ್ ಇಳಿಸಿದರೆ, ತಣ್ಣಗಿರುವ ಕಬ್ಬಿಣದ ಮೇಲೆ ಆವಿ ಹನಿಯಾಗಿ ಕೂತು, ಜಿಡ್ಡನ್ನೆಲ್ಲ ಕರಗಿಸಿಕೊಂಡು ಕೆಳಗೆ ಇಳಿಯುತ್ತದೆ. ಎತ್ತಿದ ಎರಡೇ ನಿಮಿಷಕ್ಕೆ ಜಾಬ್ ಒಣಗಿ ಹೊಸದರ ಹಾಗೆ ಹೊಳೆಯುತ್ತದೆ. ನಿಜಕ್ಕೂ ಚೆಂದದ ಕೆಲಸ ಅದು. ಅದನ್ನು ಮಾಡುವಾಗ ನನಗೆ ಖುಷಿಯೂ ಆಗುತ್ತಿತ್ತು.

ನಮ್ಮ ಟ್ಯಾಂಕ್‌ನ ಪೈಪ್‌ನಲ್ಲಿ ಬೇಸಿಗೆ ಬಂದರೆ ನೀರೇ ಇರುತ್ತಿರಲಿಲ್ಲ.

ಇನ್ನೊಂದು ಗುಣ ಇತ್ತು ಅದಕ್ಕೆ. ಬೆಂಕಿ ಸುಲಭಕ್ಕೆ ಹತ್ತಲ್ಲ. ಮೊದಲು ಪೆಟ್ರೋಲ್‌ನಲ್ಲೋ ಸೀಮೆಎಣ್ಣೆಯಲ್ಲೋ ತೊಳೆಯುತ್ತಿದ್ದವರಿಗೆ ಇದು ದೇವರು ಕೊಟ್ಟ ವರ ಅನ್ನಿಸಿತ್ತು. ಬರೀ ಕಾರ್ಖಾನೆಯಲ್ಲ, ಆಸ್ಪತ್ರೆಯಲ್ಲೂ ಇದನ್ನು ನಂಬಿದ್ದರು. ಬ್ರಿಟನ್‌ನಲ್ಲಿ 1940ರ ದಶಕದಿಂದ ಟ್ರೈಲೀನ್ ಅನ್ನುವ ಹೆಸರಲ್ಲಿ ಅರಿವಳಿಕೆಗೆ ಬಳಸಿದರು. ಹೆರಿಗೆ ನೋವಿನಲ್ಲಿರುವ ತಾಯಂದಿರಿಗೂ ಕೊಟ್ಟರು. ಕಾಫಿ ಬೀಜದಿಂದ ಕೆಫೀನ್ ತೆಗೆಯುವುದಕ್ಕೂ ಇದೇ. ಅಮೆರಿಕದ ಆಹಾರ ಮತ್ತು ಔಷಧ ಸಂಸ್ಥೆ ಎಫ್‌ಡಿಎ 1977ರಲ್ಲಿ ಅದನ್ನು ನಿಲ್ಲಿಸಿತು, ಇಲಿಗಳ ಲಿವರ್‌ನಲ್ಲಿ ಗೆಡ್ಡೆ ಕಂಡ ಮೇಲೆ.

ಈಗ ನಾನು ಹೇಳಬೇಕಾದ ಮಾತಿಗೆ ಬರ್ತೀನಿ. ಒಂದು ರಾಸಾಯನಿಕ ಎಷ್ಟು ಅಪಾಯ ಅಂತ ಗುಂಪು ಮಾಡುವಾಗ ಏನನ್ನು ಅಳೆಯುತ್ತೀವಿ ಅನ್ನುವುದೇ ಎಲ್ಲಾ ಆಗಿಬಿಡುತ್ತದೆ.

ತುಂಬಾ ಕಾಲದಿಂದ ನಡೆದುಬಂದ ಅಳತೆ ಒಂದಿದೆ. ಇಲಿಗಳಿಗೆ ಒಂದೇ ಸಲ ತಿನ್ನಿಸುವುದು. ಎಷ್ಟು ಕೊಟ್ಟರೆ ಅರ್ಧದಷ್ಟು ಇಲಿಗಳು ಸಾಯುತ್ತವೆ ಅಂತ ನೋಡುವುದು. ಕಡಿಮೆಗೇ ಸತ್ತರೆ ಘೋರ ವಿಷ, ಜಾಸ್ತಿ ಬೇಕಾದರೆ ಸೌಮ್ಯ. ಈ ಲೆಕ್ಕದಲ್ಲಿ ಟಿಸಿಇ ಸಂಖ್ಯೆ ಕಿಲೋ ತೂಕಕ್ಕೆ ಸುಮಾರು 4,900 ಮಿಲಿಗ್ರಾಂ. ನಾವು ಅನ್ನಕ್ಕೆ ಹಾಕುವ ಅಡುಗೆ ಉಪ್ಪಿನ ಸಂಖ್ಯೆ ಸುಮಾರು 3,000. ಅಂದರೆ ಈ ಅಳತೆ ಪ್ರಕಾರ ಉಪ್ಪೇ ಜಾಸ್ತಿ ವಿಷ! ಲೆಕ್ಕ ಸುಳ್ಳಲ್ಲ. ಆದರೆ ಡಿಗ್ರೀಸಿಂಗ್ ಟ್ಯಾಂಕ್ ಮುಂದೆ ನಿಂತವನು ಟಿಸಿಇ ಕುಡಿಯಲ್ಲ. ಎಂಟು ಗಂಟೆ ಉಸಿರಾಡುತ್ತಾನೆ. ಮಾರನೇ ದಿನ ಮತ್ತೆ ಎಂಟು ಗಂಟೆ. ಹೀಗೆ ಇಪ್ಪತ್ತು ವರ್ಷ. ಆ ಇಪ್ಪತ್ತು ವರ್ಷವನ್ನು ಈ ಅಳತೆ ಕೇಳುವುದೇ ಇಲ್ಲ.

ಕರಾವಳಿಯವರಿಗೆ ಈ ಕಥೆ ಬೇರೆ ಹೆಸರಲ್ಲಿ ಗೊತ್ತು. ಎಂಡೋಸಲ್ಫಾನ್. ಟಿಸಿಇ ಹಾಗೆ ಅದೂ ಕ್ಲೋರಿನ್ ಸೇರಿದ್ದೇ, ಕೀಟನಾಶಕ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಅದು ಎರಡನೇ ದರ್ಜೆ, 'ಮಧ್ಯಮ ಅಪಾಯ'. ಆ ಪಟ್ಟಿಯ ಆಧಾರವೂ ಮುಖ್ಯವಾಗಿ ಇಲಿ ಸಾಯುವ ಲೆಕ್ಕವೇ. ಕೊಕ್ಕಡದ ಕಡೆ, ಗಡಿಯಾಚೆ ಕಾಸರಗೋಡಿನಲ್ಲಿ, ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಸಿಂಪಡಿಸಿದರಲ್ಲ, ಅಲ್ಲಿ ಹಾಸಿಗೆ ಹಿಡಿದ ಮಕ್ಕಳ ತಾಯಂದಿರನ್ನು ಕೇಳಿ, ಮಧ್ಯಮ ಅಂದರೇನು ಅಂತ. 2011ರಲ್ಲಿ ಸುಪ್ರೀಂ ಕೋರ್ಟ್ ತಡೆಯುವವರೆಗೂ ಆ 'ಮಧ್ಯಮ' ಅನ್ನುವ ಪದ ಅದನ್ನು ಕಾಯುತ್ತಾ ಬಂತು.

ಟಿಸಿಇಗೆ ಕ್ಯಾನ್ಸರ್ ಲೆಕ್ಕದಲ್ಲಿ ಬೇರೆ ಗುಂಪುಗಳಿವೆ. ಕ್ಯಾನ್ಸರ್ ಸಂಶೋಧನೆಗೆ ವಿಶ್ವ ಆರೋಗ್ಯ ಸಂಸ್ಥೆಯ ಒಂದು ಅಂಗ ಇದೆ, ಐಎಆರ್‌ಸಿ ಅಂತ, ಫ್ರಾನ್ಸಿನ ಲಿಯಾನ್‌ನಲ್ಲಿ. 1987ರಲ್ಲಿ ಅವರು ಟಿಸಿಇಯನ್ನು 3ನೇ ಗುಂಪಿಗೆ ಹಾಕಿದರು. ಅಂದರೆ, ಮನುಷ್ಯರ ವಿಷಯದಲ್ಲಿ ಏನೂ ಹೇಳಲು ಸಾಕ್ಷ್ಯ ಸಾಲದು ಅಂತ. 1995ರಲ್ಲಿ 2ಎ, ಅಂದರೆ ಕ್ಯಾನ್ಸರ್ ತರುವ ಸಾಧ್ಯತೆ ಹೆಚ್ಚು. 2012ರಲ್ಲಿ 1ನೇ ಗುಂಪು. ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ, ಕಿಡ್ನಿಗೆ, ಸಂಶಯ ಇಲ್ಲ ಅಂತ. ಅಮೆರಿಕದ ಪರಿಸರ ಸಂಸ್ಥೆ ಇಪಿಎ ಒಂದು ವರ್ಷ ಮುಂಚೆ, 2011ರಲ್ಲೇ ಇದೇ ಮಾತು ಹೇಳಿತ್ತು. ಅವರ ಕರಡು ತಯಾರಾಗಿದ್ದು 2001ರಲ್ಲಿ. ಮಧ್ಯೆ ಹತ್ತು ವರ್ಷ ವಾದ ನಡೆಯಿತು. ಇಲಿಯ ಲಿವರ್ ಬೇರೆ, ಮನುಷ್ಯನ ಲಿವರ್ ಬೇರೆ ಅಂತ.

ಒಂದು ಮಾತು ಇಲ್ಲಿ ಸ್ಪಷ್ಟ ಮಾಡ್ತೀನಿ, ಯಾಕಂದ್ರೆ ಕಮೆಂಟ್‌ನಲ್ಲಿ ಯಾರಾದರೂ ಕೇಳೇ ಕೇಳ್ತಾರೆ. ಐಎಆರ್‌ಸಿಯ ಗುಂಪು ಸಾಕ್ಷ್ಯ ಎಷ್ಟು ಗಟ್ಟಿ ಅಂತ ಹೇಳುತ್ತದೆ, ಎಷ್ಟು ಉಸಿರಾಡಿದರೆ ಎಷ್ಟು ಅಪಾಯ ಅಂತ ಹೇಳಲ್ಲ. ಒಂದು ಸಲ ವಾಸನೆ ತಗೊಂಡವರೆಲ್ಲ ಹೆದರಬೇಕಾಗಿಲ್ಲ. ನಾನು ಮಾತಾಡುತ್ತಿರುವುದು ದಿನವೂ, ಮುಚ್ಚಿದ ಶೆಡ್ಡಿನಲ್ಲಿ, ವರ್ಷಗಟ್ಟಲೆ ಉಸಿರಾಡಿದವರ ಬಗ್ಗೆ.

1987ರಿಂದ 2012ರವರೆಗೆ 25 ವರ್ಷ. ಡ್ರಮ್ಮಿನಲ್ಲಿದ್ದ ದ್ರವ ಅದೇ. ನಾನು ಟ್ಯಾಂಕ್ ಮುಂದೆ ನಿಂತಿದ್ದು ಸರಿಯಾಗಿ ಆ 25 ವರ್ಷಗಳ ನಡುವೆ.

ಆಗ ನಮ್ಮ ಡ್ರಮ್ಮಿನ ಮೇಲೆ ಇದ್ದಿದ್ದು ಕಿತ್ತಳೆ ಬಣ್ಣದ ಚೌಕ, ಒಳಗೆ ದಪ್ಪಗೆ ಕಪ್ಪು ಇಂಟು ಮಾರ್ಕು. ಹಳೆಯ ಯುರೋಪಿನ ಪದ್ಧತಿಯಲ್ಲಿ ಅದರ ಅರ್ಥ 'ಹಾನಿಕರ' ಅಂತ ಮಾತ್ರ. ನಮಗೆ ಅದೂ ಗೊತ್ತಿರಲಿಲ್ಲ. ಡ್ರಮ್ ತಲೆಕೆಳಗೆ ಇಡಬಾರದು ಅಂತ ಗುರುತು ಇರಬೇಕು ಅಂದುಕೊಂಡಿದ್ವಿ. ಕೈಗೆ ಗ್ರೀಸ್ ಮೆತ್ತಿದರೆ ಕಾಟನ್ ವೇಸ್ಟನ್ನು ಅದರಲ್ಲೇ ಅದ್ದಿ ಒರೆಸಿಕೊಂಡು ಊಟಕ್ಕೆ ಕೂರುತ್ತಿದ್ವಿ. ಚರ್ಮ ಬೆಳ್ಳಗೆ ಒಣಗಿ ಬಿರಿಯುತ್ತಿತ್ತು. ಕಂಪನಿಯಿಂದ ದಿನಾ ಒಂದು ತುಂಡು ಬೆಲ್ಲ ಕೊಡುತ್ತಿದ್ದರು. ಬೆಲ್ಲ ತಿಂದರೆ ಹೊಟ್ಟೆಗೆ ಹೋದ ಕೆಮಿಕಲ್ ಎಲ್ಲಾ ಹೊರಗೆ ಬರುತ್ತೆ ಅಂತ ಎಲ್ಲರೂ ನಂಬಿದ್ದರು. ಮಾಸ್ಕ್ ಮಾತ್ರ ಯಾವತ್ತೂ ಕೊಡಲಿಲ್ಲ.

ಸಂಬಳದ ದಿನ ಕೆಲವರು ಸಂಜೆ ಕುಡಿಯಲು ಹೋಗುತ್ತಿದ್ದರು. ಅರ್ಧ ಗ್ಲಾಸಿಗೇ ಟ್ಯಾಂಕ್ ಕೆಲಸದವರ ಮುಖ, ಕುತ್ತಿಗೆ ಕೆಂಪಗೆ ಕಲೆಕಲೆಯಾಗಿ ಉರಿಯುತ್ತಿತ್ತು. ಬೇರೆಯವರಿಗೆ ಏನೂ ಆಗುತ್ತಿರಲಿಲ್ಲ. ಅಂಗಡಿಯವನು ಕಲಬೆರಕೆ ಮಾಡಿದ್ದಾನೆ ಅಂತ ಜಗಳ ಆಡಿದ್ದೂ ಉಂಟು. ಎಷ್ಟೋ ವರ್ಷ ಆದ ಮೇಲೆ ಓದಿದೆ, ಇದಕ್ಕೆ ವೈದ್ಯರು ಹೆಸರನ್ನೇ ಇಟ್ಟಿದ್ದಾರೆ ಅಂತ. ಡಿಗ್ರೀಸರ್ಸ್ ಫ್ಲಶ್. 1970ರ ದಶಕದಲ್ಲೇ ಬರೆದಿಟ್ಟಿದ್ದಾರೆ. ಮೈಯೊಳಗೆ ಟಿಸಿಇ ಇರುವಾಗ ಹೆಂಡವನ್ನು ಕರಗಿಸುವ ಲಿವರ್‌ನ ಕೆಲಸ ತಪ್ಪುತ್ತದೆ. ನಮ್ಮ ಮುಖದ ಮೇಲೇ ಬರೆದಿತ್ತು, ಓದಲು ಬಲ್ಲವರು ಯಾರೂ ಇರಲಿಲ್ಲ.

ಒಂದು ಭಾನುವಾರ ಟ್ಯಾಂಕ್ ತಳದ ರಾಡಿ ತೆಗೆಯಲು ಒಬ್ಬ ಹುಡುಗ ಒಳಗೆ ಇಳಿದ. ಭಾರದ ಆವಿ ತಳದಲ್ಲಿ ನಿಂತಿರುತ್ತೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ, ಹೇಳಬೇಕಾದವರಿಗೂ ಗೊತ್ತಿತ್ತೋ ಇಲ್ಲವೋ. ಎರಡು ನಿಮಿಷಕ್ಕೆ ಕುಸಿದು ಬಿದ್ದ. ನಮ್ಮ ಫೋರ್‌ಮನ್ ಮೂಗಿಗೆ ಟವೆಲ್ ಕಟ್ಟಿಕೊಂಡು ಬಗ್ಗಿ ಅವನ ಕಾಲರ್ ಹಿಡಿದು ಎಳೆದು ಹಾಕಿದರು. ಹುಡುಗ ಉಳಿದ. ಬಿಸಿಲಿಗೆ ತಲೆ ಸುತ್ತಿತು ಅಂತ ರಿಜಿಸ್ಟರ್‌ನಲ್ಲಿ ಬರೆದರು.

ಆ ಫೋರ್‌ಮನ್ನನ್ನು ನಾನು ಅಣ್ಣ ಅಂತಲೇ ಕರೆಯುತ್ತಿದ್ದೆ. ಕೆಲಸ ಕಲಿಸಿದವರು ಅವರು. ರಿಟೈರ್ ಆದ ಸ್ವಲ್ಪ ವರ್ಷಕ್ಕೆ ಅವರ ಒಂದು ಕಿಡ್ನಿ ತೆಗೆದರು, ಗೆಡ್ಡೆ ಇತ್ತು. ಆಸ್ಪತ್ರೆಗೆ ನೋಡಲು ಹೋಗಿದ್ದಾಗ ಕೇಳಿದೆ, "ಅಣ್ಣ, ಡಾಕ್ಟರ್ ಏನಂದ್ರು?" "ಬೀಡಿ ಸೇದ್ತಿದ್ರಾ ಅಂತ ಕೇಳಿದ್ರಪ್ಪ, ಹೌದು ಅಂದೆ" ಅಂದರು. ಏನು ಕೆಲಸ ಮಾಡುತ್ತಿದ್ದಿರಿ ಅಂತ ಯಾರೂ ಕೇಳಿರಲಿಲ್ಲ. ಅವರ ಗೆಡ್ಡೆಗೆ ಟಿಸಿಇಯೇ ಕಾರಣ ಅಂತ ನಾನು ಹೇಳುತ್ತಿಲ್ಲ. ಒಬ್ಬ ಮನುಷ್ಯನ ವಿಷಯದಲ್ಲಿ ಹಾಗೆ ಹೇಳಲು ಬರಲ್ಲ. ಆದರೆ ಆ ಪ್ರಶ್ನೆ ಕೇಳದೇ ಹೋದರೆ, ನಮ್ಮ ದೇಶದ ಯಾವ ಲೆಕ್ಕದಲ್ಲೂ ಅವರಂಥವರು ಬರುವುದೇ ಇಲ್ಲ ಅಲ್ವಾ? 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ ಕಾರ್ಖಾನೆ ಕಾಯ್ದೆಯ ಮೂರನೇ ಷೆಡ್ಯೂಲ್‌ನಲ್ಲಿ, ವೈದ್ಯರು ಸರ್ಕಾರಕ್ಕೆ ತಿಳಿಸಲೇಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ, ಈ ಜಾತಿಯ ರಾಸಾಯನಿಕಗಳಿಂದ ವಿಷ ಏರುವುದೂ ಇತ್ತು. ತಿಳಿಸಬೇಕಾದರೆ ಮೊದಲು ಕೇಳಬೇಕು.

ಅಮೆರಿಕದಲ್ಲಿ ಈ ಪ್ರಶ್ನೆ ಕೇಳಿದವರು ಹೆಚ್ಚಾಗಿ ಅಪ್ಪ ಅಮ್ಮಂದಿರು. ಮ್ಯಾಸಚೂಸೆಟ್ಸ್‌ನ ವೋಬರ್ನ್ ಊರಿನಲ್ಲಿ ಮಕ್ಕಳಿಗೆ ಒಬ್ಬರಾದ ಮೇಲೆ ಒಬ್ಬರಿಗೆ ರಕ್ತದ ಕ್ಯಾನ್ಸರ್ ಬಂತು. 1979ರಲ್ಲಿ ಊರಿನ ಎರಡು ಬಾವಿ ಮುಚ್ಚಿದರು, ನೀರಿನಲ್ಲಿ ಟಿಸಿಇ ಸಿಕ್ಕಿತ್ತು. ನಾರ್ತ್ ಕೆರೊಲಿನಾದ ಕ್ಯಾಂಪ್ ಲಜೂನ್ ಸೇನಾ ನೆಲೆಯಲ್ಲಿ 1953ರಿಂದ 1987ರವರೆಗೆ ಸೈನಿಕರು, ಅವರ ಹೆಂಡಿರು ಮಕ್ಕಳು ಅಂಥ ನೀರನ್ನೇ ಕುಡಿದರು. 1982ರಲ್ಲಿ ಒಂದು ನಲ್ಲಿಯ ನೀರಿನಲ್ಲಿ ಲೀಟರಿಗೆ 1,400 ಮೈಕ್ರೋಗ್ರಾಂ ಸಿಕ್ಕಿತು. ಅಲ್ಲಿ ಈಗಿನ ಮಿತಿ 5. ಅಲ್ಲಿದ್ದ ಸೈನಿಕರಲ್ಲಿ ಪಾರ್ಕಿನ್ಸನ್ಸ್ ಕಾಯಿಲೆ, ಆ ನೀರು ಕುಡಿಯದ ಇನ್ನೊಂದು ನೆಲೆಯವರಿಗಿಂತ 70 ಶೇಕಡಾ ಜಾಸ್ತಿ ಅಂತ 2023ರಲ್ಲಿ ಒಂದು ಅಧ್ಯಯನ ಬಂತು. ಟಿಸಿಇ ನೀರಿಗಿಂತ ಭಾರ. ನೆಲಕ್ಕೆ ಚೆಲ್ಲಿದರೆ ಅಂತರ್ಜಲದ ತಳಕ್ಕೆ ಇಳಿದು ಕೂರುತ್ತದೆ, ದಶಕಗಟ್ಟಲೆ ಸ್ವಲ್ಪ ಸ್ವಲ್ಪವೇ ನೀರಿಗೆ ಬಿಡುತ್ತಾ ಇರುತ್ತದೆ. ನಾವು ಟ್ಯಾಂಕಿನ ರಾಡಿಯನ್ನು ಶೆಡ್ಡಿನ ಹಿಂದಿನ ಮೋರಿಗೆ ಸುರಿಯುತ್ತಿದ್ವಿ. ಪೀಣ್ಯದ ಬೋರ್‌ವೆಲ್ ನೀರಿನಲ್ಲಿ ಕ್ರೋಮಿಯಂ ಇದೆ ಅಂತ ಪೇಪರ್‌ನಲ್ಲಿ ಓದುವಾಗೆಲ್ಲ ನನಗೆ ಆ ಮೋರಿ ಕಣ್ಣ ಮುಂದೆ ಬರುತ್ತದೆ. ಈ ಮಾತು ಬರೆಯಲು ಸಂಕಟ ಆಗುತ್ತೆ.

ಯುರೋಪಿನಲ್ಲಿ 2016ರ ಏಪ್ರಿಲ್‌ನಿಂದ ವಿಶೇಷ ಅನುಮತಿ ಇಲ್ಲದೆ ಟಿಸಿಇ ಬಳಸುವ ಹಾಗಿಲ್ಲ. ಅಮೆರಿಕದಲ್ಲಿ 2024ರ ಡಿಸೆಂಬರ್‌ನಲ್ಲಿ ಪೂರ್ತಿ ನಿಷೇಧದ ನಿಯಮ ಹೊರಟಿತು, ಅದನ್ನು ಪ್ರಶ್ನಿಸಿ ಕೋರ್ಟಿಗೆ ಹೋದರು. ನಿಷೇಧ ಪೂರ್ತಿ ಜಾರಿಯಾಗುವವರೆಗೆ ಕೆಲಸದ ಜಾಗದ ಗಾಳಿಯಲ್ಲಿ ಹತ್ತು ಲಕ್ಷ ಭಾಗಕ್ಕೆ 0.2 ಭಾಗ ಮೀರಬಾರದು ಅಂತ ಆ ನಿಯಮ. ನಮ್ಮ ಹಳೆಯ ಕಾರ್ಖಾನೆ ಕಾಯ್ದೆಯ ಎರಡನೇ ಷೆಡ್ಯೂಲ್ ಕೊಟ್ಟಿದ್ದ ಮಿತಿ 50.

ಭೋಪಾಲ್ ಆದ ಮೇಲೆ 1986ರಲ್ಲಿ ಪರಿಸರ ಕಾಯ್ದೆ ಬಂತು, 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ನಿಯಮ ಬಂತು. ಅವು ಬಂದಿದ್ದು ಒಳ್ಳೆಯದೇ. ಆದರೆ ಒಂದು ರಾತ್ರಿಯಲ್ಲಿ ಸಾವಿರಾರು ಜನ ಸತ್ತ ನೋವಿನಿಂದ ಹುಟ್ಟಿದ ನಿಯಮ ಅದು. ಹೆಸರುಗಳ ಪಟ್ಟಿ ಒಂದು ಬೇರೆ ಇದೆ. ಅಳೆಯಲು ಕೊಟ್ಟ ಕೋಲು ಮೂರು: ತಕ್ಷಣದ ವಿಷ, ಬೆಂಕಿ, ಸ್ಫೋಟ. ಇಪ್ಪತ್ತು ವರ್ಷ ತಗೊಂಡು ಬರುವ ಕ್ಯಾನ್ಸರ್ ಅಳೆಯಲು ಅಲ್ಲಿ ಕೋಲೇ ಇಲ್ಲ. ವಿಶ್ವಸಂಸ್ಥೆ 2003ರಲ್ಲೇ ಜಿಎಚ್‌ಎಸ್ ಅಂತ ಒಂದೇ ಪದ್ಧತಿ ಮಾಡಿ ಕೊಟ್ಟಿದೆ. ನನ್ನ ಅಕ್ಕನ ಮಗ ಕಳಿಸಿದ ಆ ಎದೆ ಸಿಡಿದ ಮನುಷ್ಯನ ಚಿತ್ರ ಅದರದ್ದೇ. 'ನಿಧಾನಕ್ಕೆ ಒಳಗೆ ಕೆಡಿಸುತ್ತದೆ' ಅನ್ನುವುದಕ್ಕೆ ಆ ಚಿತ್ರ. ನಮ್ಮಲ್ಲಿ ಅದನ್ನು ಎಲ್ಲಾ ಡ್ರಮ್ಮಿಗೂ ಕಡ್ಡಾಯ ಮಾಡಬೇಕು. ಸಣ್ಣ ಕ್ಯಾನ್‌ಗೆ ಬಗ್ಗಿಸಿಟ್ಟರೆ ಆ ಕ್ಯಾನ್ ಮೇಲೂ ಇರಬೇಕು, ಯಾಕಂದ್ರೆ ಹುಡುಗರ ಕೈಗೆ ಬರುವುದು ಕ್ಯಾನೇ. ಮತ್ತೆ ಕೆಲಸ ಮಾಡುವವನ ಭಾಷೆಯಲ್ಲಿ ಎರಡು ಸಾಲು ಇರಬೇಕು. ಹೊಲಕ್ಕೆ ಹೊಡೆಯುವ ಔಷಧಿ ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ತ್ರಿಕೋನ ಹಾಕಿ, ಒಳಗೆ ಕನ್ನಡದ ಚೀಟಿ ಇಡಲು ಸಾಧ್ಯ ಇದೆ. ಕಾರ್ಖಾನೆಗೆ ಯಾಕೆ ಆಗಲ್ಲ?

ಅಕ್ಕನ ಮಗನಿಗೆ ಅವತ್ತೇ ರಾತ್ರಿ ಫೋನ್ ಮಾಡಿದೆ. "ಕೆಲಸ ಬಿಡು ಅಂತ ಹೇಳಲ್ಲ ಕಣೋ. ಎಂಎಸ್‌ಡಿಎಸ್ ಕೇಳು, ಕೆಮಿಕಲ್‌ನ ಅಪಾಯ ಎಲ್ಲಾ ಬರೆದಿರೋ ಹಾಳೆ ಅದು. ಕೂಲಿಂಗ್ ಪೈಪ್‌ನಲ್ಲಿ ನೀರು ಓಡ್ತಿದೆಯಾ ದಿನಾ ನೋಡು. ಟ್ಯಾಂಕ್ ಒಳಗೆ ಯಾರು ಹೇಳಿದ್ರೂ ಇಳೀಬೇಡ. ಬಾಸ್ಕೆಟ್ ನಿಧಾನಕ್ಕೆ ಎತ್ತು, ಜೋರಾಗಿ ಎತ್ತಿದ್ರೆ ಆವಿ ನಿನ್ನ ಮುಖಕ್ಕೇ ಬರುತ್ತೆ." ಬಿಸಿನೀರು ಮತ್ತೆ ಕ್ಷಾರದ ಸೋಪಿನಲ್ಲಿ ತೊಳೆಯುವ ಮೆಷಿನ್ ಬಗ್ಗೆ ಸೂಪರ್‌ವೈಸರ್ ಹತ್ತಿರ ಮಾತಾಡು ಅಂತಲೂ ಹೇಳಿದೆ. ಒಣಗಲು ಸಮಯ ಜಾಸ್ತಿ ಬೇಕು, ಆದರೆ ಬಹಳಷ್ಟು ಕೆಲಸ ಅದರಲ್ಲೇ ಆಗುತ್ತೆ. ಅವನು ಹೂಂ ಹೂಂ ಅಂತ ಕೇಳಿಸಿಕೊಂಡ. "ಮಾವ, ಎರಡು ಸಾಲಿನಲ್ಲಿ ಬರೆದು ಕಳಿಸು" ಅಂದ. ಬರೆದು ಕಳಿಸಿದೆ.

ನಿನ್ನೆ ಮತ್ತೊಂದು ಫೋಟೋ ಬಂತು. ಅದೇ ಡ್ರಮ್ಮು. ಸ್ಟಿಕ್ಕರ್ ಪಕ್ಕ ಬಿಳಿ ಪೇಂಟಿನಲ್ಲಿ, ಅಕ್ಷರ ಸ್ವಲ್ಪ ಸೊಟ್ಟ: "ಆವಿ ಉಸಿರಾಡಬೇಡಿ. ಕಿಡ್ನಿಗೆ ಕ್ಯಾನ್ಸರ್ ಬರುತ್ತೆ. ಟ್ಯಾಂಕ್ ಒಳಗೆ ಇಳಿಯಬೇಡಿ." ಅದರ ಕೆಳಗೆ ಬೇರೆ ಯಾರದೋ ಕೈಯಲ್ಲಿ ಹಿಂದಿಯಲ್ಲಿ ಮೂರು ಸಾಲು. ಅದಕ್ಕೂ ಕೆಳಗೆ, ಇನ್ನೂ ಹಸಿ ಪೇಂಟಿನಲ್ಲಿ, ಒಡಿಯಾದ ದುಂಡು ಅಕ್ಷರಗಳು.