ಒಂದನೇ ಕ್ಲಾಸಿಗೆ ಮುಂಚೆ ಆಟವೊಂದೇ ಸಾಕಾ?

ಪರ: ಸಾಕು, ಸ್ಲೇಟು ಕಾಯಲಿ

ನನ್ನ ಮಗಳು ಲೆಕ್ಕ ಕಲಿತದ್ದು ಮೋಸ ಮಾಡೋಕೆ ಹೋಗಿ. ಆಗ ಅವಳಿಗೆ ನಾಲ್ಕೂವರೆ ವರ್ಷ. ರಜೆಗೆ ಊರಿಗೆ ಹೋದಾಗ ಅವಳ ಅಜ್ಜಿ ಅಟ್ಟದಿಂದ ಚನ್ನೆಮಣೆ ಇಳಿಸಿದರು. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಹುಣಸೆ ಬೀಜ. ಒಂದು ಗುಳಿಯ ಬೀಜ ಎತ್ತಿಕೊಂಡು ಮುಂದಿನ ಗುಳಿಗಳಿಗೆ ಒಂದೊಂದೇ ಹಾಕುತ್ತಾ ಹೋಗಬೇಕು. ಕೈ ಬರಿದಾದಾಗ ಮುಂದಿನ ಗುಳಿ ಖಾಲಿ ಇದ್ದರೆ, ಅದರಾಚೆಯ ಗುಳಿಯಲ್ಲಿ ಇದ್ದದ್ದೆಲ್ಲ ನಮ್ಮದು.

ಮೂರನೇ ದಿನ ನೋಡಿದರೆ ಇವಳು ಒಂದು ಬೀಜವನ್ನು ಅಂಗೈಯಲ್ಲೇ ಬಚ್ಚಿಟ್ಟುಕೊಂಡಿದ್ದಾಳೆ! ನಾಲ್ಕನೆಯದನ್ನೂ ಹಾಕಿದ್ದರೆ ಅದು ಖಾಲಿ ಗುಳಿಗೆ ಬೀಳುತ್ತಿತ್ತು. ಮೂರಕ್ಕೇ ನಿಲ್ಲಿಸಿದ್ದರಿಂದ ಆಚೆಯ ಗುಳಿಯ ಏಳು ಬೀಜ ಇವಳ ಪಾಲು. ಅಂದರೆ ಎತ್ತುವ ಮೊದಲೇ ಕಣ್ಣಲ್ಲೇ ಎಣಿಸಿ ಮುಗಿಸಿದ್ದಳು. "ಇನ್ನೊಂದು ಬೀಜ ಎಲ್ಲೇ, ಕಳ್ಳಿ?" ಅಂತ ಅಜ್ಜಿ ಕಿವಿ ಹಿಂಡಿದರು.

ಇದೇ ಹುಡುಗಿ ಎಲ್‌ಕೆಜಿಯಲ್ಲಿ 1ರಿಂದ 50ರವರೆಗೆ ಪುಟಗಟ್ಟಲೆ ಬರೆದು ತರುತ್ತಿದ್ದಳು. ಏಳಕ್ಕಿಂತ ಒಂಬತ್ತು ಎಷ್ಟು ಜಾಸ್ತಿ ಅಂದರೆ ಸುಮ್ನೆ ನನ್ನ ಮುಖ ನೋಡುತ್ತಿದ್ದಳು. ಬರೆಯೋದು ಬೇರೆ, ಎಣಿಸೋದು ಬೇರೆ ಅಲ್ವಾ?

ಕೈಯ ಮಾತೂ ಇದೆ. ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಹುಟ್ಟುವಾಗ ಅವಿನ್ನೂ ಮೂಳೆಯೇ ಆಗಿರುವುದಿಲ್ಲ. ವರ್ಷಗಳು ಕಳೆದಂತೆ ಒಂದೊಂದಾಗಿ ಗಟ್ಟಿಯಾಗುತ್ತವೆ. ನಾಲ್ಕು ವರ್ಷಕ್ಕೆ ಎಂಟೂ ಗಟ್ಟಿಯಾಗಿರುವುದಿಲ್ಲ. ಆ ಕೈಗೆ ಪೆನ್ಸಿಲ್ ಕೊಟ್ಟು ನಾಲ್ಕು ಗೆರೆಯ ಪುಸ್ತಕ ತುಂಬಿಸು ಅಂತೀವಿ. ಬೀಜ ಹೆಕ್ಕಲಿ, ಹಿಟ್ಟು ನಾದಲಿ, ರಂಗೋಲಿ ಪುಡಿ ಚಿಟಿಕೆಯಲ್ಲಿ ಹಿಡಿಯಲಿ. ಬೆರಳಿಗೆ ಬಲ ಬರುವುದೇ ಹಾಗೆ.

ಇದೇನು ಪೇಟೆಯವರ ಹೊಸ ಶೋಕಿಯಲ್ಲ. ಎಚ್.ಡಿ. ಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ 1995ರಲ್ಲೇ, ಆಟ-ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಶುರುವಾಯಿತು. 2022ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ 3ರಿಂದ 8 ವರ್ಷದ ಮಕ್ಕಳ ಕಲಿಕೆಯ ನಡುವೆ ಆಟವನ್ನೇ ಇಟ್ಟಿದೆ. ಕಾಗದದ ಮೇಲೆ ಎಲ್ಲರೂ ಒಪ್ಪಿದ್ದಾರೆ. ಒಪ್ಪದವರು ನಾವು, ಅಪ್ಪ-ಅಮ್ಮಂದಿರು. ಪಕ್ಕದ ಮನೆಯ ಮಗು ಎ-ಬಿ-ಸಿ-ಡಿ ಹೇಳಿದರೆ ಸಾಕು, ನಮಗೆ ನಿದ್ದೆ ಬರುವುದಿಲ್ಲ.

ವಿರೋಧ: ಚನ್ನೆಮಣೆ ಸರಿ, ಎದುರಿಗೆ ಕೂರುವ ಅಜ್ಜಿ ಎಲ್ಲಿ?

ನಾನು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಪಾಠ ಮಾಡುವವಳು. ಮೇಲಿನ ಬರಹ ಓದಿ ಖುಷಿಯಾಯಿತು. ಆದರೆ ಆ ಮಗುವಿಗೆ ಲೆಕ್ಕ ಹೇಳಿಕೊಟ್ಟದ್ದು ಬರೀ ಮಣೆಯಲ್ಲ. ಮೂರು ದಿನ ಎದುರಿಗೆ ಕೂತು ಆಡಿದ, ಬೀಜ ಕದ್ದದ್ದನ್ನು ಹಿಡಿದ ಅಜ್ಜಿ.

ನನ್ನ ಹತ್ತಿರ ಬರುವ ಮಕ್ಕಳಿಗೆ ಅಂಥ ಬಿಡುವಿರುವ ದೊಡ್ಡವರು ಸಿಗುವುದು ಅಪರೂಪ. ಅಪ್ಪ-ಅಮ್ಮ ಬೆಳಗಾದರೆ ಕೂಲಿಗೆ ಹೋಗುತ್ತಾರೆ. ಇನ್ನು ಅಂಗನವಾಡಿ. ಅದು 1975ರ ಅಕ್ಟೋಬರ್ 2ರಂದು ಶುರುವಾದಾಗಲೇ ಊಟ, ಚುಚ್ಚುಮದ್ದು, ಗರ್ಭಿಣಿಯರ ಆರೈಕೆ, ಮಕ್ಕಳ ಪಾಠ ಎಲ್ಲ ಒಂದೇ ಸೂರಿನ ಕೆಳಗೆ. ಈಗ ಅದರ ಮೇಲೆ ಮೊಬೈಲಿನಲ್ಲಿ ಹಾಜರಿ, ತೂಕ, ಎತ್ತರ ತುಂಬಿಸುವುದು ಬೇರೆ. ಮೊಟ್ಟೆ ಬೇಯಿಸಬೇಕು, ರಿಜಿಸ್ಟರ್ ಬರೆಯಬೇಕು. ಅಲ್ಲಿ "ಆಟ" ಅಂದರೆ ಎಷ್ಟೋ ದಿನ ಮಕ್ಕಳನ್ನು ಅಂಗಳಕ್ಕೆ ಬಿಡುವುದು, ಅಷ್ಟೇ. ಕಾರ್ಯಕರ್ತೆಯನ್ನು ದೂರಿ ಏನು ಪ್ರಯೋಜನ? ಅವರಿಗಿರುವುದೂ ಎರಡೇ ಕೈ.

ಮಾತು ತಾನಾಗಿ ಬರುತ್ತದೆ. ಅಕ್ಷರ ತಾನಾಗಿ ಬರುವುದಿಲ್ಲ. ಅದರಲ್ಲೂ ಕನ್ನಡದ ಅಕ್ಷರ! 49 ಕಲಿತರೆ ಮುಗಿಯಿತು ಅಂದುಕೊಳ್ಳಬೇಡಿ. ಆಮೇಲೆ ಕಾಗುಣಿತ, ಆಮೇಲೆ ಒತ್ತು. "ಅಕ್ಕ" ಅಂತ ಬೋರ್ಡಿನ ಮೇಲೆ ಬರೆದರೆ ಮಗು "ಅಕ" ಅನ್ನುತ್ತದೆ. ಕೆಳಗೆ ನೇತಾಡುವ ಆ ಸಣ್ಣ ಗೆರೆ ಏನು ಅಂತ ಯಾರಾದರೂ ಪಕ್ಕದಲ್ಲಿ ಕೂತು ತೋರಿಸಲೇಬೇಕು. ಒಂದಲ್ಲ, ಹತ್ತು ಸಲ. ಎಷ್ಟೇ ಕುಂಟೆಬಿಲ್ಲೆ ಆಡಿದರೂ ಅದು ಹೊಳೆಯುವುದಿಲ್ಲ. ಮನೆಯಲ್ಲಿ ಲಂಬಾಣಿಯನ್ನೋ ಉರ್ದುವನ್ನೋ ಆಡುವ ಮಗುವಿಗಂತೂ ಪದವೂ ಹೊಸದು, ಅಕ್ಷರವೂ ಹೊಸದು.

ಆಟ ನಿಲ್ಲಿಸಿ ಅನ್ನುತ್ತಿಲ್ಲ. ಮೂರು ವರ್ಷದ ಮಗುವಿಗೆ ಪುಟ ತುಂಬಿಸುವ ಹೋಮ್‌ವರ್ಕ್ ಕೊಡುವವರನ್ನು ಕಂಡರೆ ನನಗೂ ಸಿಟ್ಟು ಬರುತ್ತದೆ. ಆದರೆ ಐದು ವರ್ಷದ ಮಗುವಿಗೆ ದಿನಕ್ಕೆ ಇಪ್ಪತ್ತು ನಿಮಿಷ ಕತೆ ಓದಿ, ಬೆರಳಿಟ್ಟು ನಾಲ್ಕು ಅಕ್ಷರ ತೋರಿಸಿದರೆ ಅದರ ಬಾಲ್ಯ ಹಾಳಾಗುವುದಿಲ್ಲ. "ಆಟವೊಂದೇ ಸಾಕು" ಅನ್ನುವವರ ಮನೆಯಲ್ಲಿ ಪುಸ್ತಕದ ಕಪಾಟು ಇರುತ್ತದೆ, ರಾತ್ರಿ ಓದಿ ಹೇಳುವವರೂ ಇರುತ್ತಾರೆ. ಅವರ ಮಕ್ಕಳು ಆಡುತ್ತಾ ಆಡುತ್ತಾ ಅಕ್ಷರ ಕಲಿಯುತ್ತಾರೆ, ಅವರಿಗೆ ಅದು ಗೊತ್ತೇ ಆಗುವುದಿಲ್ಲ.

ಹೋದ ವರ್ಷ ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗ ಇದ್ದ. ಮರ ಹತ್ತುವುದರಲ್ಲಿ, ಗೋಲಿಯಲ್ಲಿ ಅವನನ್ನು ಮೀರಿಸುವವರಿಲ್ಲ. ಪಕ್ಕದಲ್ಲಿ ಕೂರುತ್ತಿದ್ದವಳು ಯುಕೆಜಿ ಮುಗಿಸಿ ಬಂದವಳು, ಪಾಠ ಗಡಗಡ ಓದುತ್ತಿದ್ದಳು. ಓದುವ ಸರದಿ ಅವಳ ಹತ್ತಿರ ಬಂತು ಅಂದರೆ ಇವನಿಗೆ ದಿನಾ ಒಂದಕ್ಕೆ ಅವಸರ.